ಕೌನ್ಸಿಲ್‌ಗೆ ಆಬ್ಜೆಕ್ಷನ್ ಬರೆದ್ರೆ, ಪಿಟಿಷನ್‌ಗೆ ಸೈನ್ ಹಾಕಿದ್ರೆ ನಮ್ಮ ಹೆಸರು ಅಡ್ರೆಸ್ ಯಾರ್ಯಾರ ಕೈಗೆ ಹೋಗುತ್ತೆ? (ಇಂಗ್ಲೆಂಡ್; ಕೌನ್ಸಿಲ್ ಅಂದ್ರೆ ಇಲ್ಲಿನ ಸ್ಥಳೀಯ ಆಡಳಿತ)

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ಒಂದು ಸಣ್ಣ ಟೌನಲ್ಲಿ, ನಮ್ಮನೆಯವ್ರು ಸ್ಕಿಲ್ಡ್ ವರ್ಕರ್ ವೀಸಾ, ನಾನು ಮಗ ಡಿಪೆಂಡೆಂಟ್ಸ್. ನಮ್ಮ ರೋಡಿನ ತುದೀಲಿರೋ ಅಂಗಡಿಯೋರು ರಾತ್ರಿ 2 ಗಂಟೆ ತನಕ ಮದ್ಯ ಮಾರೋಕೆ ಲೈಸೆನ್ಸ್ ಕೇಳಿದಾರೆ, ಕಿಟಕಿ ಮೇಲೆ ತಿಳಿನೀಲಿ ಕಾಗದದ ನೋಟಿಸ್ ಅಂಟಿಸಿದ್ದು ನೋಡ್ದೆ. ಈಗ್ಲೇ ರಾತ್ರಿ ಹೊತ್ತು ಅಲ್ಲಿ ಗುಂಪು ಸೇರಿ ಕೂಗಾಟ, ಬಾಟ್ಲಿ ಒಡೆಯೋದು ಎಲ್ಲಾ ಇದೆ, ಮಗ ನಿದ್ದೆಯಿಂದ ಎದ್ದು ಕೂತ್ಬಿಡ್ತಾನೆ. ಆಬ್ಜೆಕ್ಷನ್ ಬರೆಯೋಣ ಅಂತ ಹೋದ್ರೆ ಆನ್‌ಲೈನ್ ಫಾರಂನಲ್ಲಿ ಹೆಸರು, ಮನೆ ಅಡ್ರೆಸ್, ಫೋನು, ಇಮೇಲು ಎಲ್ಲಾ ಕೇಳ್ತಿದೆ, ಕೆಳಗಡೆ ಸಣ್ಣಕ್ಷರದಲ್ಲಿ ನಿಮ್ಮ ವಿವರ ಅರ್ಜಿದಾರರಿಗೆ ಕೊಡ್ತೀವಿ, ಕಮಿಟಿ ರಿಪೋರ್ಟಲ್ಲೂ ಬರಬಹುದು ಅಂತ ಇದೆ. ಅಂಗಡಿಯೋರು ದಿನಾ ಎದುರಾಗೋ ಜನ, ನಾನು ಹಗಲೆಲ್ಲಾ ಮನೇಲಿ ಒಬ್ಳೇ ಇರ್ತೀನಿ, ಹಾಗಾಗಿ ಕೈ ಹಿಂದೆ ಸರೀತಿದೆ.

ಇದ್ರ ಜೊತೆಗೆ ಇನ್ನೆರಡು ವಿಷಯ. ಸ್ಕೂಲ್ ಹತ್ರ ಜೀಬ್ರಾ ಕ್ರಾಸಿಂಗ್ ಬೇಕು ಅಂತ ಅಮ್ಮಂದ್ರೆಲ್ಲಾ ಸೇರಿ ಕೌನ್ಸಿಲ್‌ಗೆ ಪಿಟಿಷನ್ ಕೊಡ್ತಿದಾರೆ, ಅದಕ್ಕೆ ಸೈನ್ ಹಾಕಿದ್ರೆ ಅಡ್ರೆಸ್ ಆನ್‌ಲೈನ್ ಬರುತ್ತಾ? ನಮ್ಮನೆಯವ್ರು ವೀಸಾದಲ್ಲಿರೋರು ಇಂಥದ್ರಲ್ಲೆಲ್ಲಾ ಹೆಸರು ಕೊಡ್ಬಾರ್ದು ಅಂತಾರೆ. ಇನ್ನೊಂದು, ವೋಟರ್ ಲಿಸ್ಟಿಗೆ ಸೇರಿದ ಮೇಲೆ ನನ್ನ ಪೂರ್ತಿ ಹೆಸರಲ್ಲಿ ಯಾವ್ಯಾವ್ದೋ ಕಂಪನಿಗಳ ಪತ್ರ ಬರ್ತಿದೆ, ಅಪ್ಪನ ಹೆಸರು ಸೇರಿಸಿ ನಾನು ಎಲ್ಲೂ ಬರೆಯಲ್ಲ, ವೋಟರ್ ಫಾರಂಲಿ ಮಾತ್ರ ಬರೆದಿದ್ದೆ. ಕೌನ್ಸಿಲ್‌ನೋರು ಮಾರ್ತಾರಾ? ಗೊತ್ತಿರೋರು ದಯವಿಟ್ಟು ಹೇಳಿ.

ಕಡತ_ವಿಭಾಗ:

ಮೇಡಂ, ನಾನು ಒಂದು ಡಿಸ್ಟ್ರಿಕ್ಟ್ ಕೌನ್ಸಿಲ್‌ನ ಡೆಮಾಕ್ರಟಿಕ್ ಸರ್ವಿಸಸ್‌ನಲ್ಲಿ ಕೆಲ್ಸ ಮಾಡ್ತೀನಿ, ಅಂದ್ರೆ ಮೀಟಿಂಗ್ ಅಜೆಂಡಾ, ಮಿನಿಟ್ಸ್, ಪಿಟಿಷನ್, ಸಾರ್ವಜನಿಕರ ಪ್ರಶ್ನೆ, ಸ್ಕೂಲ್ ಅಡ್ಮಿಷನ್ ಅಪೀಲು ಇವನ್ನೆಲ್ಲಾ ನೋಡ್ಕೊಳ್ಳೋ ವಿಭಾಗ. ನಿಮ್ಮ ಕೌನ್ಸಿಲ್‌ನ ನಿಯಮ ಸ್ವಲ್ಪ ಬೇರೆ ಇರಬಹುದು ಆದ್ರೆ ಕಾನೂನು ಇಂಗ್ಲೆಂಡಲ್ಲೆಲ್ಲಾ ಒಂದೇ.

ಮೊದ್ಲು ಲೈಸೆನ್ಸ್ ವಿಷಯ. 2003ರ ಲೈಸೆನ್ಸಿಂಗ್ ಆಕ್ಟ್ ಪ್ರಕಾರ ನೀವು ಬರೆದಿದ್ದನ್ನ ಅರ್ಜಿದಾರರಿಗೆ ಕೊಡ್ಲೇಬೇಕು, ಯಾಕಂದ್ರೆ ಅವ್ರ ವ್ಯಾಪಾರದ ಮೇಲೆ ತೀರ್ಮಾನ ಆಗ್ತಿರೋದು, ಯಾರು ಏನು ಹೇಳಿದ್ರು ಅಂತ ತಿಳ್ಕೊಂಡು ಉತ್ತರ ಕೊಡೋ ಹಕ್ಕು ಅವ್ರಿಗಿದೆ. ಮಾಮೂಲಾಗಿ ಹೆಸರು ಅಡ್ರೆಸ್ ಸಮೇತ ಹೋಗುತ್ತೆ. ಆದ್ರೆ ಸರ್ಕಾರದ ಮಾರ್ಗಸೂಚಿಲಿ ಒಂದು ದಾರಿ ಇದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ: ಬೆದರಿಕೆಯ ನಿಜವಾದ ಭಯ ಇದ್ರೆ ಕಾರಣ ಬರೆದು ಲೈಸೆನ್ಸಿಂಗ್ ಅಧಿಕಾರಿಗೆ ಮೊದ್ಲೇ ಕೇಳ್ಬಹುದು, ಒಪ್ಪಿದ್ರೆ ಬೀದಿ ಹೆಸರು ಮಾತ್ರ ತೋರಿಸಿ ಉಳಿದಿದ್ದನ್ನ ಅರ್ಜಿದಾರರಿಂದ ಮುಚ್ಚಿಡ್ತಾರೆ. ಎಲ್ಲರಿಗೂ ಕೊಡಲ್ಲ, ಅಪರೂಪದ ಸಂದರ್ಭಕ್ಕೆ ಮಾತ್ರ. ಸಿಗ್ಲಿಲ್ಲ ಅಂದ್ರೆ ನಿಮ್ಮ ವಾರ್ಡ್ ಕೌನ್ಸಿಲರ್‌ಗೆ ಹೇಳಿ, ಅವ್ರೇ ತಮ್ಮ ಹೆಸರಲ್ಲಿ ಆಕ್ಷೇಪಣೆ ಹಾಕ್ಬಹುದು, ಆಗ ನಿಮ್ಮ ಹೆಸರು ಫೈಲಿಗೇ ಬರಲ್ಲ. ಗಡುವು 28 ದಿನ, ಅರ್ಜಿ ಕೊಟ್ಟ ಮಾರನೇ ದಿನದಿಂದ ಲೆಕ್ಕ, ಕೊನೇ ತಾರೀಖು ಆ ನೀಲಿ ನೋಟಿಸಲ್ಲೇ ಇರುತ್ತೆ ನೋಡಿ, ದಾಟಿದ್ರೆ ಏನೂ ಮಾಡೋಕಾಗಲ್ಲ.

ಇನ್ನು ಬರೆಯೋ ರೀತಿ. ಮಗನ ಹೆಸರು, ವಯಸ್ಸು, ಅವನಿಗೇನಾದ್ರೂ ಆರೋಗ್ಯದ ತೊಂದ್ರೆ ಇದ್ರೆ ಅದು, ನೀವು ಹಗಲೊತ್ತು ಒಬ್ರೇ ಇರೋದು, ಇದ್ಯಾವ್ದೂ ಬರೀಬೇಡಿ. ಕಮಿಟಿ ನೋಡೋದು ನಾಲ್ಕೇ ವಿಷಯ: ಅಪರಾಧ ಮತ್ತು ಗಲಾಟೆ, ಸಾರ್ವಜನಿಕರ ಸುರಕ್ಷತೆ, ಸಾರ್ವಜನಿಕ ಉಪದ್ರವ, ಮಕ್ಕಳ ರಕ್ಷಣೆ. 'ರಾತ್ರಿ 11ರ ಮೇಲೆ ಇಷ್ಟು ಸಲ ಗಲಾಟೆ ಆಗಿದೆ, ಈ ದಿನ ಪೊಲೀಸ್ ಬಂದಿದ್ರು' ಅಂತ ಬರೆದ್ರೆ ಅದಕ್ಕೇ ತೂಕ ಜಾಸ್ತಿ. ಮನೆಯೊಳಗಿನ ಕಥೆ ಬರೆದ್ರೆ ಕೇಸು ಗಟ್ಟಿಯಾಗಲ್ಲ, ಸುಮ್ನೆ ನಿಮ್ಮ ವಿವರ ಹೊರಗೆ ಹೋಗುತ್ತೆ.

ಪಿಟಿಷನ್ ಬಗ್ಗೆ ಚಿಂತೆ ಬೇಡ. ಅಡ್ರೆಸ್ ಕೇಳೋದು ನೀವು ಆ ಏರಿಯಾದಲ್ಲಿ ವಾಸ ಮಾಡ್ತೀರಾ, ಕೆಲ್ಸ ಮಾಡ್ತೀರಾ, ಓದ್ತೀರಾ ಅಂತ ತಾಳೆ ನೋಡೋಕೆ. ಸಾಮಾನ್ಯವಾಗಿ ಪ್ರಕಟ ಆಗೋದು ಮುಖ್ಯ ಅರ್ಜಿದಾರರ ಹೆಸರು ಮತ್ತು ಒಟ್ಟು ಸಹಿ ಎಷ್ಟು ಅನ್ನೋದು. ಆನ್‌ಲೈನ್ ಪಿಟಿಷನ್ ಆದ್ರೆ ಕೆಲವು ಕಡೆ ಸೈನ್ ಹಾಕಿದೋರ ಹೆಸರು ಕಾಣುತ್ತೆ, ಅಡ್ರೆಸ್ ಕಾಣಲ್ಲ. ಕಾಗದದ ಪಿಟಿಷನ್‌ಲಿ ನನಗೆ ಆತಂಕ ಇರೋದು ಬೇರೆ ಕಡೆ, ಸ್ಕೂಲ್ ಗೇಟ್ ಹತ್ರ ಹಿಡ್ಕೊಂಡು ನಿಲ್ಲೋ ಆ ಹಾಳೆಯಲ್ಲಿ ನಿಮ್ಮ ಮೇಲಿನ ಇಪ್ಪತ್ತು ಜನದ ಅಡ್ರೆಸ್ಸು ನಿಮಗೆ ಕಾಣುತ್ತೆ, ನಿಮ್ದು ಮುಂದಿನ ಇಪ್ಪತ್ತು ಜನಕ್ಕೆ ಕಾಣುತ್ತೆ. ಕೌನ್ಸಿಲ್ ಕೈ ಸೇರೋ ತನಕ ಅದು ಯಾರ ಬ್ಯಾಗಲ್ಲಿರುತ್ತೋ ಅವ್ರ ಜವಾಬ್ದಾರಿ. ಆನ್‌ಲೈನಲ್ಲೇ ಸೈನ್ ಮಾಡಿ ಅಂತ ಹೇಳ್ತೀನಿ ನಾನು.

ವೀಸಾ ಬಗ್ಗೆ: ಆಕ್ಷೇಪಣೆ ಬರೀಬಾರ್ದು, ಪಿಟಿಷನ್‌ಗೆ ಸಹಿ ಹಾಕ್ಬಾರ್ದು ಅನ್ನೋ ಷರತ್ತು ಆ ವೀಸಾದಲ್ಲಿಲ್ಲ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳು, ವೀಸಾ ಇದ್ದು ಇಲ್ಲಿ ವಾಸ ಇದ್ರೆ ಪಾರ್ಲಿಮೆಂಟ್ ಚುನಾವಣೆಗೂ ವೋಟ್ ಹಾಕ್ಬಹುದು, ನೀವಾಗ್ಲೇ ಲಿಸ್ಟಲ್ಲಿದ್ದೀರ. ವೋಟೇ ಕೊಟ್ಟಿರೋ ದೇಶದಲ್ಲಿ ಜೀಬ್ರಾ ಕ್ರಾಸಿಂಗ್ ಕೇಳೋಕೆ ಯಾಕೆ ಹೆದರ್ಬೇಕು ಅಂತ ಯಜಮಾನ್ರಿಗೆ ಹೇಳಿ.

ನಾರ್ತ್_ಕನ್ನಡಿಗ:

ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಇರುತ್ತೆ ಸರ್. ನಾನು ಒಂದ್ಸಲ ಪಕ್ಕದ ಮನೆ ಎರಡಂತಸ್ತಿನ ಎಕ್ಸ್‌ಟೆನ್ಷನ್‌ಗೆ ಪ್ಲಾನಿಂಗ್ (ಕಟ್ಟಡ ಕಟ್ಟೋ ಅನುಮತಿ) ಆಬ್ಜೆಕ್ಷನ್ ಹಾಕಿದ್ದೆ, ಪತ್ರ ಹಾಗೇ ಸ್ಕ್ಯಾನ್ ಮಾಡಿ ಪ್ಲಾನಿಂಗ್ ಪೇಜಲ್ಲಿ ಏರಿಸ್ಬಿಟ್ರು, ಹೆಸರು ಅಡ್ರೆಸ್ ಬಿಡಿ ಮೊಬೈಲ್ ನಂಬರ್ರು, ನನ್ನ ಸಹಿ ಕೂಡ. ಸಹಿ ಸಾರ್. ಬ್ಯಾಂಕಲ್ಲಿರೋ ಅದೇ ಸಹಿ. ಎರಡ್ ದಿನಕ್ಕೆ ಬಿಲ್ಡರ್ ಕಡೆಯವ್ರು ಫೋನ್ ಮಾಡಿ ನಿಮ್ಮ ಪ್ರಾಬ್ಲಂ ಏನು ಅಂತ ಕೇಳಿದ್ರು, ಮಾತು ಮರ್ಯಾದೆಯಾಗೇ ಇತ್ತು ಆದ್ರೆ ನಂಬರ್ ಎಲ್ಲಿಂದ ಬಂತು ಅಂತ ಗೊತ್ತಾದ್ಮೇಲೆ ಅವತ್ತು ಮನೇಲಿ ಯಾರೂ ಸರಿಯಾಗಿ ನಿದ್ದೆ ಮಾಡ್ಲಿಲ್ಲ. ಕೌನ್ಸಿಲ್‌ಗೆ ಹೇಳಿದ್ಮೇಲೆ ತೆಗೆದ್ರು, ಸಾರಿ ಅಂತ ಎರಡು ಸಾಲಿನ ಮೇಲ್ ಬಂತು ಅಷ್ಟೇ. ಅಕ್ಕ, ನಿಮ್ಮನೆಯವ್ರು ಹೇಳೋದ್ರಲ್ಲೂ ಅರ್ಥ ಇದೆ, ಹೊರಗಿಂದ ಬಂದೋರು ನಾವು, ಆ ರೋಡಲ್ಲಿ ನಮ್ಮಂಥ ಹೆಸರು ಒಂದೋ ಎರಡೋ ಇರುತ್ತೆ, ಅಡ್ರೆಸ್ ಮುಚ್ಚಿದ್ರೂ ಹೆಸರು ನೋಡಿದ್ರೇ ಯಾವ ಮನೆ ಅಂತ ಗೊತ್ತಾಗೋಗುತ್ತೆ.

ಕಡತ_ವಿಭಾಗ:

ಸರ್, ನಿಮಗೆ ಆಗಿದ್ದು ತಪ್ಪು, ಅದು ಬರೀ ಸಾರಿಯಲ್ಲಿ ಮುಗಿಯೋ ವಿಷಯ ಅಲ್ಲ. ಫೋನ್, ಇಮೇಲ್, ಸಹಿ ಇವು ಮೂರನ್ನೂ ಕಪ್ಪು ಮಾಡಿಯೇ ಪ್ರಕಟಿಸ್ಬೇಕು, ಅದನ್ನ ಇನ್ನೊಬ್ರು ಕೂತು ಚೆಕ್ ಮಾಡ್ಬೇಕು. ಇಂಥ ಒಂದು ಕೇಸು ನಮ್ಮ ಟ್ರೈನಿಂಗಲ್ಲಿ ಪ್ರತಿ ಸಲ ಹೇಳ್ತಾರೆ, ಎಸೆಕ್ಸ್‌ನ ಬ್ಯಾಸಿಲ್ಡನ್ ಕೌನ್ಸಿಲ್‌ದು. 2015ರಲ್ಲಿ ಒಂದು ಟ್ರಾವೆಲರ್ (ಇಲ್ಲಿನ ಅಲೆಮಾರಿ ಸಮುದಾಯ) ಕುಟುಂಬದ ಪ್ಲಾನಿಂಗ್ ಅರ್ಜಿ ಜೊತೆ ಕೊಟ್ಟಿದ್ದ ಹೇಳಿಕೆ, ಅದರಲ್ಲಿ ಮನೆಯವ್ರ ಹೆಸರು, ವಯಸ್ಸು, ಅಂಗವೈಕಲ್ಯ, ಮಾನಸಿಕ ಆರೋಗ್ಯದ ವಿಷಯ ಎಲ್ಲಾ ಇತ್ತು, ಅದನ್ನ ಏನೂ ಮುಚ್ಚದೆ ವೆಬ್‌ಸೈಟಲ್ಲಿ ಹಾಕ್ಬಿಟ್ರು, ವಾರಗಟ್ಟಲೆ ಅಲ್ಲೇ ಇತ್ತು. ಹಾಕಿದ ಸಿಬ್ಬಂದಿಗೆ ಅನುಭವ ಇರ್ಲಿಲ್ಲ, ಮತ್ತೊಬ್ರು ನೋಡೋ ವ್ಯವಸ್ಥೆನೂ ಇರ್ಲಿಲ್ಲ. 2017ರಲ್ಲಿ ಐಸಿಓ, ಅಂದ್ರೆ ಇಲ್ಲಿನ ಮಾಹಿತಿ ಆಯುಕ್ತರ ಕಚೇರಿ, 1.5 ಲಕ್ಷ ಪೌಂಡ್ ದಂಡ ಹಾಕ್ತು. ಅದಕ್ಕೂ ಮುಂಚೆ 2013ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಕೌನ್ಸಿಲ್‌ಗೆ 70 ಸಾವಿರ ಪೌಂಡ್ ದಂಡ ಬಿದ್ದಿತ್ತು, ಮಾಹಿತಿ ಹಕ್ಕಿನ ಅರ್ಜಿಗೆ ಕಳಿಸಿದ ಎಕ್ಸೆಲ್ ಶೀಟಲ್ಲಿ ಮೇಲ್ನೋಟಕ್ಕೆ ಬರೀ ಮೊತ್ತಗಳು, ಒಳಗೆ ಅಡಗಿದ್ದ ಡೇಟಾದಲ್ಲಿ 2 ಸಾವಿರಕ್ಕಿಂತ ಜಾಸ್ತಿ ನಿವಾಸಿಗಳ ವಿವರ. 2022ರಿಂದ ಐಸಿಓ ಸಾರ್ವಜನಿಕ ಸಂಸ್ಥೆಗಳಿಗೆ ದಂಡಕ್ಕಿಂತ ಛೀಮಾರಿ ಕೊಡೋದೇ ಜಾಸ್ತಿ ಮಾಡಿದೆ, ದಂಡ ಕಟ್ಟೋದು ಕೊನೆಗೆ ನಮ್ಮದೇ ತೆರಿಗೆ ದುಡ್ಡಲ್ಲಿ ಅಂತ. ವೈಯಕ್ತಿಕವಾಗಿ ನನಗೆ ಅದು ಅರ್ಧ ಸರಿ ಅನ್ಸುತ್ತೆ, ಆದ್ರೆ ದಂಡದ ಭಯ ಹೋದ್ಮೇಲೆ ಕಚೇರಿಗಳಲ್ಲಿ ಆ ಎರಡನೇ ಚೆಕ್ಕಿಗೆ ಜನ ಕೊಡೋದು ಕಮ್ಮಿಯಾಗ್ಬಾರ್ದು.

ಹೆಸರು ನೋಡಿದ್ರೇ ಮನೆ ಗೊತ್ತಾಗುತ್ತೆ ಅಂದ್ರಲ್ಲ, ಅದು ನಿಜವಾದ ಪಾಯಿಂಟು, ನಮ್ಮ ಕಚೇರಿಗಳಲ್ಲಿ ಇದನ್ನ ಯಾರೂ ಯೋಚ್ನೆ ಮಾಡಿಲ್ಲ. ಸ್ಮಿತ್, ಜೋನ್ಸ್ ಅಂತ ಇದ್ರೆ ಬೀದಿ ಹೆಸರು ಹಾಕಿದ್ರೂ ಗೊತ್ತಾಗಲ್ಲ, ನಮ್ಮ ಹೆಸರಿಗೆ ಹಾಗಲ್ಲ. ಗೌಪ್ಯತೆ ಕೇಳೋವಾಗ ಈ ಕಾರಣ ಖಂಡಿತ ಬರೀರಿ, ಹೆಸರೂ ಸೇರಿಸಿ ಮುಚ್ಚಿ ಅಂತ ಕೇಳಿ.

ತುಂಗಾತೀರ:

ತುಂಬಾ ಥ್ಯಾಂಕ್ಸ್ ಇಬ್ರಿಗೂ. ಕೌನ್ಸಿಲರ್ ಮೂಲಕ ಹೋಗೋದು ನನಗೆ ಹೊಳೆದೇ ಇರ್ಲಿಲ್ಲ. ಆದ್ರೆ ಆ ಕೌನ್ಸಿಲರ್‌ಗೆ ಮೇಲ್ ಮಾಡಿದ್ರೆ ಅವ್ರು ಅದನ್ನ ಯಾರಿಗೆ ಬೇಕಾದ್ರೂ ಕಳಿಸ್ಬಹುದಾ? ಅವ್ರು ಒಂದು ಪಾರ್ಟಿಯೋರು, ನಾಳೆಯಿಂದ ಪಾರ್ಟಿ ಮೇಲ್ ಶುರುವಾಗುತ್ತೇನೋ ಅಂತ. ಮಗನ ಸ್ಪೀಚ್ ಥೆರಪಿ ವಿಷಯಕ್ಕೂ ಅವ್ರ ಹತ್ರ ಸಹಾಯ ಕೇಳ್ಬೇಕು ಅಂತಿದೆ, ಅದು ಎಲ್ಲರಿಗೂ ತಿಳಿಯೋದು ಬೇಡ.

ಪ್ಯಾರಿಷ್_ಮೆಂಬರ್:

ಅಕ್ಕ, ನಾನು ಇಲ್ಲಿ ಪ್ಯಾರಿಷ್ ಕೌನ್ಸಿಲ್ (ಹಳ್ಳಿ ಮಟ್ಟದ ಸಣ್ಣ ಕೌನ್ಸಿಲ್) ಮೆಂಬರ್, ಊರು ಹಾಸನ ಕಡೆ. ಕೌನ್ಸಿಲರ್ ಅಂದ್ರೆ ಒಬ್ಬನೇ ಮನುಷ್ಯ ಆದ್ರೂ ಡೇಟಾ ಕಾನೂನಿನ ಲೆಕ್ಕದಲ್ಲಿ ಮೂರು ಪಾತ್ರ. ಕಮಿಟಿಲಿ ಕೂತು ತೀರ್ಮಾನ ಮಾಡೋವಾಗ ಡೇಟಾಗೆ ಜವಾಬ್ದಾರಿ ಕೌನ್ಸಿಲ್‌ದು. ನಿಮ್ಮಂಥೋರ ಕಷ್ಟ ಕೇಳಿ ಓಡಾಡೋವಾಗ ಆ ಇಮೇಲು, ಆ ಡೈರಿ, ಆ ಫೋನಲ್ಲಿರೋ ಫೋಟೋ ಎಲ್ಲಕ್ಕೂ ಅವ್ರೇ ಸ್ವತಃ ಡೇಟಾ ಕಂಟ್ರೋಲರ್, ತಪ್ಪಾದ್ರೆ ಅವ್ರದ್ದೇ ಹೊಣೆ, ಕೌನ್ಸಿಲ್ ಬರಲ್ಲ. ಎಲೆಕ್ಷನ್ ಟೈಮಲ್ಲಿ ಪಾರ್ಟಿ ಪರವಾಗಿ ಮನೆಮನೆ ಹೋಗೋವಾಗ ಜವಾಬ್ದಾರಿ ಪಾರ್ಟಿದು. ಎರಡನೇ ಪಾತ್ರದಲ್ಲಿ ಸಿಕ್ಕ ನಿಮ್ಮ ಇಮೇಲನ್ನ ಮೂರನೇ ಪಾತ್ರಕ್ಕೆ ತಗೊಂಡು ಹೋಗೋ ಹಾಗಿಲ್ಲ. ಕಷ್ಟ ಹೇಳ್ಕೊಂಡು ಬಂದೋರ ಅಡ್ರೆಸ್ ತಗೊಂಡು ಪಾರ್ಟಿ ಲಿಸ್ಟಿಗೆ ಸೇರಿಸೋದು ನಂಬಿಕೆ ಕೆಡಿಸೋ ಕೆಲ್ಸ, ನಾನು ಇದನ್ನ ತುಂಬಾ ಸೀರಿಯಸ್ಸಾಗಿ ಹೇಳ್ತಿದೀನಿ, ಯಾರಾದ್ರೂ ಹಾಗೆ ಮಾಡಿದ್ರೆ ಬಿಡ್ಬೇಡಿ, ಕಂಪ್ಲೇಂಟ್ ಕೊಡಿ.

ಮಗನ ವಿಷಯಕ್ಕೆ ನೀವೇ ಸಹಾಯ ಕೇಳಿ ಬರೆದಿದ್ರೆ, ಆರೋಗ್ಯದ ಮಾಹಿತಿ ಸಮೇತ ಸಂಬಂಧಪಟ್ಟ ಅಧಿಕಾರಿಗೆ ಕಳಿಸೋಕೆ 2018ರ ಡೇಟಾ ಪ್ರೊಟೆಕ್ಷನ್ ಆಕ್ಟ್‌ನಲ್ಲಿ ಚುನಾಯಿತ ಪ್ರತಿನಿಧಿಗಳಿಗೆ ಅವಕಾಶ ಇದೆ, ಆ ಕೆಲ್ಸಕ್ಕೆ ಬೇಕಾದಷ್ಟು ಮಾತ್ರ. ನಾನಾದ್ರೆ ಕಳಿಸೋಕೆ ಮುಂಚೆ ಒಂದ್ಮಾತು ಕೇಳ್ತೀನಿ. ನೀವು ಮೇಲ್ ಮೊದಲ ಸಾಲಲ್ಲೇ 'ಇದನ್ನ ಇಂಥ ವಿಭಾಗಕ್ಕೆ ಮಾತ್ರ ಕಳಿಸಿ, ಬೇರೆಯವ್ರಿಗೆ ಕಳಿಸೋಕೆ ಮುಂಚೆ ನನ್ನ ಕೇಳಿ' ಅಂತ ಬರೀರಿ. ಲೈಸೆನ್ಸ್ ವಿಷಯ ಒಂದು ಮೇಲು, ಮಗನ ವಿಷಯ ಬೇರೆ ಮೇಲು, ಎರಡನ್ನೂ ಒಂದ್ರಲ್ಲೇ ಸೇರಿಸ್ಬೇಡಿ, ಫಾರ್ವರ್ಡ್ ಮಾಡೋವಾಗ ಕೆಳಗಿನದೆಲ್ಲಾ ಹೋಗ್ಬಿಡುತ್ತೆ, ಹೆಚ್ಚಿನ ಸೋರಿಕೆ ಆಗೋದೇ ಹೀಗೆ.

ನಮ್ಮ ಕಡೆ ವಿಷಯನೂ ಹೇಳ್ತೀನಿ ಯಾಕಂದ್ರೆ ತೂಕ ಎರಡೂ ಕಡೆ ನೋಡ್ಬೇಕು. ಅಧಿಕಾರ ಹಿಡಿದೋರ ವಿವರ ತೆರೆದಿರ್ಲೇಬೇಕು. 2011ರ ಲೋಕಲಿಸಂ ಆಕ್ಟ್ ಪ್ರಕಾರ ಗೆದ್ದ 28 ದಿನದೊಳಗೆ ನನ್ನ ಕೆಲ್ಸ, ಜಮೀನು ಮನೆ, ಶೇರು, ಹೆಂಡತಿ ಕೆಲ್ಸ ಎಲ್ಲಾ ರಿಜಿಸ್ಟರಲ್ಲಿ ಬರ್ಸಿದ್ದೀನಿ, ಡಿಸ್ಟ್ರಿಕ್ಟ್ ಕೌನ್ಸಿಲ್ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡ್ಬಹುದು, ಬೇಕಂತ ಮುಚ್ಚಿಟ್ರೆ ಕ್ರಿಮಿನಲ್ ಅಪರಾಧ. ಪಕ್ಕದ ಹೊಲಕ್ಕೆ ಪ್ಲಾನಿಂಗ್ ಬಂದಾಗ ಆ ಹೊಲ ಮೆಂಬರ್‌ದೇ ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ. ಮನೆ ಅಡ್ರೆಸ್ ಮಾತ್ರ ನೋವಿನ ವಿಷಯ. ಸಂಸದ ಡೇವಿಡ್ ಅಮೆಸ್ ಅವ್ರನ್ನ 2021ರ ಅಕ್ಟೋಬರಲ್ಲಿ ಅವ್ರ ಕ್ಷೇತ್ರದಲ್ಲೇ ಜನರನ್ನ ಭೇಟಿ ಮಾಡ್ತಿದ್ದಾಗ ಕೊಂದ ಮೇಲೆ ನಮ್ಮ ಮನೇಲೂ ಭಯ ಬಂತು. ಹಿಂಸೆ ಬೆದರಿಕೆಯ ಅಪಾಯ ಇದೆ ಅಂತ ಮಾನಿಟರಿಂಗ್ ಆಫೀಸರ್ (ಮೆಂಬರ್‌ಗಳ ನಡತೆ, ಕಾನೂನು ಪಾಲನೆ ನೋಡ್ಕೊಳ್ಳೋ ಕೌನ್ಸಿಲ್ ಅಧಿಕಾರಿ) ಒಪ್ಪಿದ್ರೆ ಆ ವಿವರ ಸಾರ್ವಜನಿಕ ಪ್ರತಿಯಿಂದ ತೆಗೀತಾರೆ, ಅದೇ ಕಾನೂನಿನ 32ನೇ ಸೆಕ್ಷನ್. ಬ್ಯಾಲೆಟ್ ಪೇಪರ್ ಮೇಲೂ 2019ರಿಂದ ಸ್ಥಳೀಯ ಚುನಾವಣೆಲಿ ಮನೆ ಅಡ್ರೆಸ್ ಹಾಕ್ಲೇಬೇಕು ಅಂತಿಲ್ಲ, ಯಾವ ಏರಿಯಾ ಅಂತ ಹಾಕಿದ್ರೆ ಸಾಕು. ಅಧಿಕಾರದಲ್ಲಿರೋ ನಮಗೇ ಇಷ್ಟು ರಕ್ಷಣೆ ಇದೆ ಅಂದ್ಮೇಲೆ ಒಂದು ಆಕ್ಷೇಪಣೆ ಬರೆಯೋ ತಾಯಿಗೆ ಅದಕ್ಕಿಂತ ಜಾಸ್ತಿ ಇರ್ಬೇಕು ಅನ್ನೋದು ನನ್ನ ಮಾತು.

ಮಾಹಿತಿ_ಮಿತ್ರ:

ವೋಟರ್ ಲಿಸ್ಟ್ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ನಾನು ಬರೀತೀನಿ. ಮೇಡಂ ನಿಮ್ಮ ಅನುಮಾನ ಸರಿ ಇರೋ ಸಾಧ್ಯತೆನೇ ಜಾಸ್ತಿ. ಇಲ್ಲಿ ಲಿಸ್ಟ್ ಎರಡು: ಫುಲ್ ರಿಜಿಸ್ಟರ್, ಓಪನ್ ರಿಜಿಸ್ಟರ್. ಫುಲ್ ಇರೋದು ಚುನಾವಣೆಗೆ, ಜ್ಯೂರಿಗೆ ಜನ ಕರೆಯೋಕೆ, ಸಾಲ ಕೊಡೋರು ಅಡ್ರೆಸ್ ತಾಳೆ ನೋಡೋಕೆ ಕ್ರೆಡಿಟ್ ಏಜೆನ್ಸಿಗಳಿಗೆ. ಜನ ಕಚೇರಿಗೆ ಹೋಗಿ ನೋಡ್ಬಹುದು ಆದ್ರೆ ಸಿಬ್ಬಂದಿ ಎದುರಲ್ಲೇ, ಕೈಬರಹದಲ್ಲಿ ಮಾತ್ರ ಬರ್ಕೊಬೇಕು, ಫೋಟೋ ತೆಗೆಯೋ ಹಾಗಿಲ್ಲ. ಓಪನ್ ರಿಜಿಸ್ಟರನ್ನ ಯಾವ ಕಂಪನಿ ಬೇಕಾದ್ರೂ ದುಡ್ಡು ಕೊಟ್ಟು ತಗೋಬಹುದು, ಮಾರ್ಕೆಟಿಂಗಿಗೂ ಬಳಸ್ಬಹುದು, ಫಾರಂ ತುಂಬೋವಾಗ ಬೇಡ ಅಂತ ಟಿಕ್ ಮಾಡದಿದ್ರೆ ನೀವು ಅದರಲ್ಲಿ ತಾನಾಗೇ ಸೇರ್ಕೊಂಡಿರ್ತೀರ.

ಈ ಎರಡು ಭಾಗ ಸುಮ್ನೆ ಬಂದಿದ್ದಲ್ಲ. ಮೊದ್ಲು ಒಂದೇ ಲಿಸ್ಟ್, ಅದನ್ನೇ ಮಾರ್ತಿದ್ರು. ವೇಕ್‌ಫೀಲ್ಡ್‌ನ ಒಬ್ಬ ನಿವಾಸಿ ನನ್ನ ಹೆಸರು ಕಂಪನಿಗಳಿಗೆ ಮಾರೋದಾದ್ರೆ ನಾನು ಫಾರಂ ತುಂಬಲ್ಲ ಅಂತ ಕೌನ್ಸಿಲ್ ವಿರುದ್ಧ ಕೋರ್ಟಿಗೆ ಹೋದ್ರು, 2001ರಲ್ಲಿ ಹೈಕೋರ್ಟು ಅವ್ರ ಪರವಾಗಿ ತೀರ್ಪು ಕೊಡ್ತು, ಬೇಡ ಅನ್ನೋ ಹಕ್ಕು ಕೊಡದೆ ಮಾರೋದು ತಪ್ಪು ಅಂತ. ಮಾರನೇ ವರ್ಷ ಲಿಸ್ಟು ಎರಡಾಯ್ತು. ಒಬ್ಬ ಮನುಷ್ಯ ಹಟ ಹಿಡಿದಿದ್ದಕ್ಕೆ ಇವತ್ತು ಕೋಟಿಗಟ್ಟಲೆ ಜನಕ್ಕೆ ಆ ಟಿಕ್ ಬಾಕ್ಸ್ ಸಿಕ್ಕಿದೆ, ನನಗೆ ಅವ್ರ ಮೇಲೆ ದೊಡ್ಡ ಗೌರವ.

ನೀವು ಮಾಡ್ಬೇಕಿರೋದು ಇಷ್ಟೇ, ಕೌನ್ಸಿಲ್‌ನ ಎಲೆಕ್ಟೋರಲ್ ಸರ್ವಿಸಸ್‌ಗೆ ಹೆಸರು ಅಡ್ರೆಸ್ ಬರೆದು 'ಓಪನ್ ರಿಜಿಸ್ಟರಿಂದ ತೆಗೀರಿ' ಅಂತ ಮೇಲ್ ಹಾಕಿ, ಯಾವಾಗ ಬೇಕಾದ್ರೂ ಹಾಕ್ಬಹುದು, ವೋಟಿಗೂ ಕ್ರೆಡಿಟ್ ಸ್ಕೋರಿಗೂ ಏನೂ ಆಗಲ್ಲ. ಆಗ್ಲೇ ಕೊಂಡಿರೋ ಕಂಪನಿಗಳ ಹತ್ರ ಹಳೇ ಕಾಪಿ ಇರುತ್ತೆ, ಅವ್ರಿಗೆ ಬೇರೆಯಾಗಿ ನಿಲ್ಲಿಸಿ ಅಂತ ಬರೀಬೇಕು. ಜೀವಭಯ ಇರೋರಿಗೆ, ಉದಾಹರಣೆಗೆ ಗಂಡನ ಹಿಂಸೆಯಿಂದ ಓಡಿ ಬಂದೋರಿಗೆ, ಅನಾಮಿಕ ನೋಂದಣಿ ಅಂತ ಇದೆ, ಲಿಸ್ಟಲ್ಲಿ ಹೆಸರೇ ಬರಲ್ಲ. ನಮ್ಮ ಕನ್ನಡದ ಹೆಣ್ಮಕ್ಕಳಿಗೆ ಇದು ತಿಳಿದಿರ್ಲಿ, ದಯವಿಟ್ಟು ಹಂಚಿ.

ಫುಲ್ ರಿಜಿಸ್ಟರ್ ಸೇಫ್ ಅಂತಲೂ ಕಣ್ಮುಚ್ಚಿ ಹೇಳಲ್ಲ. ಎಲೆಕ್ಟೋರಲ್ ಕಮಿಷನ್ ಸಿಸ್ಟಮ್ಮಿಗೆ 2021ರ ಆಗಸ್ಟಲ್ಲಿ ಹ್ಯಾಕರ್ಸ್ ನುಗ್ಗಿದ್ರು, ಗೊತ್ತಾಗಿದ್ದು 2022ರ ಅಕ್ಟೋಬರಲ್ಲಿ, ಜನಕ್ಕೆ ಹೇಳಿದ್ದು 2023ರ ಆಗಸ್ಟಲ್ಲಿ. ಸುಮಾರು 4 ಕೋಟಿ ಜನರ ಹೆಸರು ಅಡ್ರೆಸ್. ಕೌನ್ಸಿಲ್ ಎಷ್ಟೇ ಜೋಪಾನ ಮಾಡಿದ್ರೂ ಕಾಪಿ ಹೋದ ಕಡೆ ಬಾಗಿಲು ತೆಗೆದಿದ್ರೆ ಏನ್ ಮಾಡೋದು.

ಜಯನಗರ_4ನೇ_ಬ್ಲಾಕ್:

ಇದನ್ನೆಲ್ಲಾ ಬೆಂಗಳೂರಲ್ಲಿ ಕೂತು ಓದ್ತಿದ್ರೆ ಹೊಟ್ಟೆ ಉರಿಯುತ್ತೆ. ನಮ್ಮಲ್ಲಿ ಮತದಾರರ ಪಟ್ಟಿ ಹೆಸರು, ಗಂಡನ ಇಲ್ಲಾ ಅಪ್ಪನ ಹೆಸರು, ಮನೆ ನಂಬರ್, ವಯಸ್ಸು ಸಮೇತ ಪಿಡಿಎಫ್‌ನಲ್ಲಿ ಎಲ್ಲರಿಗೂ ಸಿಗುತ್ತೆ, ಬೇಡ ಅನ್ನೋ ಟಿಕ್ ಬಾಕ್ಸೇ ಇಲ್ಲ. 2022ರಲ್ಲಿ ಬಿಬಿಎಂಪಿ ಮತದಾರರ ಜಾಗೃತಿ ಅಂತ ಒಂದು ಖಾಸಗಿ ಟ್ರಸ್ಟಿಗೆ ಅನುಮತಿ ಕೊಟ್ಟು, ಅವ್ರ ಹುಡುಗ್ರು ಬೂತ್ ಲೆವೆಲ್ ಆಫೀಸರ್ ಅಂತ ಹೇಳ್ಕೊಂಡು ಮನೆಮನೆಗೆ ಹೋಗಿ ಮಾಹಿತಿ ತಗೊಂಡ್ರು ಅನ್ನೋ ಆರೋಪ ಬಂದು ಕೇಸಾಗಿ, ಇಬ್ರು ಐಎಎಸ್ ಅಧಿಕಾರಿಗಳು ಸಸ್ಪೆಂಡ್ ಆಗಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಪಟ್ಟಿ ಮತ್ತೆ ಪರಿಶೀಲಿಸ್ಬೇಕಾಯ್ತು. ಹಂಗಂತ ಎಲ್ಲಾ ಮುಚ್ಚಿಡಿ ಅನ್ನೋದನ್ನೂ ನಾನು ಒಪ್ಪಲ್ಲ. ನರೇಗಾ ಜಾಬ್ ಕಾರ್ಡ್ ಪಟ್ಟಿ ತೆರೆದಿರೋದಕ್ಕೇ ಸತ್ತೋರ ಹೆಸರಲ್ಲಿ ಕೂಲಿ ತಿನ್ನೋದು ಹೊರಗೆ ಬರೋದು, ಗ್ರಾಮಸಭೇಲಿ ಫಲಾನುಭವಿಗಳ ಹೆಸರು ಗಟ್ಟಿಯಾಗಿ ಓದಿದ್ರೇನೇ ಮನೆ ಇರೋನಿಗೇ ಮತ್ತೆ ಮನೆ ಕೊಟ್ಟಿದ್ದು ಗೊತ್ತಾಗೋದು. 2023ರ ಡೇಟಾ ಕಾನೂನಲ್ಲಿ ಮಾಹಿತಿ ಹಕ್ಕಿನ ಸೆಕ್ಷನ್ 8(1)(ಜೆ) ತಿದ್ದಿದ್ದಕ್ಕೆ ಆರ್‌ಟಿಐ ಮಾಡೋರೆಲ್ಲಾ ವಿರೋಧ ಮಾಡಿದ್ದು ಅದಕ್ಕೇ, ವೈಯಕ್ತಿಕ ಮಾಹಿತಿ ಅಂತ ಒಂದು ಮಾತು ಹೇಳಿ ಅಧಿಕಾರಿಗಳು ತಮ್ಮ ಫೈಲೇ ಮುಚ್ಕೋತಾರೆ ಅಂತ.

ಕಡತ_ವಿಭಾಗ:

ಜಯನಗರದವ್ರು ಹೇಳಿದ್ದು ಇಲ್ಲಿಗೂ ಅನ್ವಯ ಆಗುತ್ತೆ. 1972ರ ಲೋಕಲ್ ಗವರ್ನಮೆಂಟ್ ಆಕ್ಟ್ ಪ್ರಕಾರ ಮೀಟಿಂಗಿಗೆ ಐದು ಪೂರ್ತಿ ದಿನ ಮುಂಚೆ ಅಜೆಂಡಾ ಹೊರಗೆ ಬರ್ಬೇಕು, ಮಿನಿಟ್ಸ್ ಆರು ವರ್ಷ ನೋಡೋಕೆ ಸಿಗ್ಬೇಕು, 2014ರಿಂದ ಯಾರು ಬೇಕಾದ್ರೂ ಮೀಟಿಂಗ್ ವಿಡಿಯೋ ಮಾಡ್ಬಹುದು. ಒಬ್ಬ ವ್ಯಕ್ತಿಯ ವಿವರ ಬರೋ ವಿಷಯ ಇದ್ರೆ ಆ ಭಾಗಕ್ಕೆ ಜನರನ್ನ ಹೊರಗೆ ಕಳಿಸಿ ಚರ್ಚೆ ಮಾಡೋ ಅವಕಾಶ ಇದೆ, ಗುಲಾಬಿ ಬಣ್ಣದ ಹಾಳೇಲಿ ಬರುತ್ತೆ ಅದು, ಆದ್ರೆ ಮುಚ್ಚೋದ್ರಿಂದ ಜನಕ್ಕೆ ಆಗೋ ಒಳ್ಳೇದು ತೆರೆಯೋದಕ್ಕಿಂತ ಜಾಸ್ತಿ ಅಂತ ತೋರಿಸ್ಬೇಕು. ಅಧಿಕಾರಿಗಳಿಗೆ ಮುಜುಗರ ಆಗುತ್ತೆ ಅನ್ನೋದು ಕಾರಣ ಆಗಲ್ಲ.

ತುಂಗಾತೀರ ಅವ್ರೇ, ಒಂದು ವಿಷಯ ಮೊದ್ಲೇ ತಿಳ್ಕೊಳ್ಳಿ. ಇಂಥ ಕೆಲ್ಸಗಳಿಗೆ ಕೌನ್ಸಿಲ್ ನಿಮ್ಮ ಒಪ್ಪಿಗೆ ಮೇಲೆ ನಡೆಯಲ್ಲ, ಕಾನೂನು ಒಪ್ಪಿಸಿದ ಸಾರ್ವಜನಿಕ ಕೆಲ್ಸ ಅನ್ನೋ ಆಧಾರದ ಮೇಲೆ ನಡೆಯುತ್ತೆ, ಹಾಗಾಗಿ ಆಮೇಲೆ 'ನನ್ನ ಒಪ್ಪಿಗೆ ವಾಪಸ್, ಅಳಿಸಿ' ಅಂದ್ರೆ ಅಳಿಸ್ಲೇಬೇಕು ಅಂತ ಇಲ್ಲ. ವಿರೋಧ ವ್ಯಕ್ತಪಡಿಸೋ ಹಕ್ಕು ಇದೆ, ನಿಮ್ಮ ಪರಿಸ್ಥಿತಿ ಬರೆದು ಕೌನ್ಸಿಲ್‌ನ ಡೇಟಾ ಪ್ರೊಟೆಕ್ಷನ್ ಆಫೀಸರ್‌ಗೆ ಕಳಿಸಿದ್ರೆ ಒಂದು ತಿಂಗಳಲ್ಲಿ ಉತ್ತರ ಕೊಡ್ಬೇಕು, ತೃಪ್ತಿ ಆಗ್ಲಿಲ್ಲ ಅಂದ್ರೆ ಐಸಿಓ. ನಾರ್ತ್ ಕನ್ನಡಿಗರೇ, ನೀವೂ ಇದನ್ನೇ ಮಾಡಿ, ಜೊತೆಗೆ ನಿಮ್ಮ ಬಗ್ಗೆ ಅವ್ರ ಹತ್ರ ಏನೇನಿದೆ, ಯಾರ್ಯಾರಿಗೆ ಹೋಗಿದೆ ಅಂತ ಕಾಪಿ ಕೇಳಿ, ಫೀಸ್ ಇಲ್ಲ. ಪ್ರಕಟ ಆದ ಮೇಲೆ ಓಡಾಡೋದಕ್ಕಿಂತ ಕಳಿಸೋಕೆ ಮುಂಚೆ ಒಂದು ಫೋನ್ ಮಾಡೋದು ಎಷ್ಟೋ ವಾಸಿ. 'ನನ್ನ ಪತ್ರದಲ್ಲಿ ಯಾವುದು ವೆಬ್‌ಸೈಟಿಗೆ ಹೋಗುತ್ತೆ, ಯಾವುದು ಅರ್ಜಿದಾರರಿಗೆ ಹೋಗುತ್ತೆ, ಎಷ್ಟು ದಿನ ಇರುತ್ತೆ' ಅಂತ ಕೇಳಿ, ನಾವು ಉತ್ತರ ಕೊಡೋಕೇ ಕೂತಿರೋದು.

ತುಂಗಾತೀರ:

ನಾರ್ತ್ ಕನ್ನಡಿಗ ಸರ್, ನಿಮ್ಮ ಅನುಭವ ಓದಿ ಬೇಜಾರಾಯ್ತು, ಕಂಪ್ಲೇಂಟ್ ಖಂಡಿತ ಕೊಡಿ. ನಾನು ಓಪನ್ ರಿಜಿಸ್ಟರ್ ಮೇಲ್ ಈಗ್ಲೇ ಹಾಕ್ದೆ, ಪಿಟಿಷನ್‌ಗೆ ಆನ್‌ಲೈನಲ್ಲಿ ಇಬ್ರೂ ಸೈನ್ ಮಾಡಿದ್ವಿ, ನಮ್ಮನೆಯವ್ರು ಪೂರ್ತಿ ಥ್ರೆಡ್ ಓದಿ ಆಮೇಲೆ ಒಪ್ಪಿದ್ರು. ಲೈಸೆನ್ಸಿಂಗ್‌ನೋರಿಗೆ ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ, ಹೆಸರು ಮುಚ್ಚೋಕೆ ಒಪ್ಲಿಲ್ಲ ಅಂದ್ರೆ ಕೌನ್ಸಿಲರ್‌ಗೆ ಬರೀತೀನಿ, ಎರಡು ಬೇರೆ ಬೇರೆ ಮೇಲ್. ಮೀಟಿಂಗಲ್ಲಿ ಬಂದು ಮಾತಾಡಿ ಅಂತ ಕರೆದ್ರೆ ಹೋಗ್ಲೇಬೇಕಾ?

ಕಡತ_ವಿಭಾಗ:

ಹೋಗ್ಲೇಬೇಕು ಅಂತಿಲ್ಲ ಮೇಡಂ, ಬರೆದು ಕೊಟ್ಟಿದ್ದನ್ನೂ ಕಮಿಟಿಯ ಮೂರು ಜನ ಓದಿಯೇ ತೀರ್ಮಾನ ಮಾಡ್ಬೇಕು. ಬರಲ್ಲ ಅಂತ ಮುಂಚೆ ಒಂದ್ಮಾತು ತಿಳ್ಸಿ ಸಾಕು. ಹೋಗೋದಾದ್ರೆ ವೆಬ್‌ಕ್ಯಾಸ್ಟ್ ಇದ್ಯಾ ಅಂತ ಕೇಳಿ, ಇದ್ರೆ ಕ್ಯಾಮೆರಾಗೆ ಮುಖ ಬೀಳದ ಕಡೆ ಸೀಟ್ ಕೊಡಿ ಅಂತ ಕ್ಲರ್ಕ್‌ಗೆ ಹೇಳಿ, ಮಾತಾಡೋವಾಗ ಮನೆ ನಂಬರ್ ಬಾಯಲ್ಲಿ ಹೇಳೋದು ಬೇಡ.